ದಂತದ ಹಿಡಿಯ ಚಾಕು: ಇಟ್ಟುಕೊಳ್ಳಬಹುದಾ, ಮಾರಬಹುದಾ, ಕೊಳ್ಳಬಹುದಾ?

ಹೊಸಹಿಡಿ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಚಿಕ್ಕಪ್ಪ ತೀರಿಕೊಂಡರು. ಅವರಿಗೆ ಮಕ್ಕಳಿಲ್ಲ, ಸಾಮಾನೆಲ್ಲ ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಮರದ ಪೆಟ್ಟಿಗೆ. ಒಳಗೆ ಊಟದ ಮೇಜಿಗೆ ಇಡುವಂಥ ಚಾಕುಗಳ ಸೆಟ್ ಇದೆ, ಒಂದು ಖಾನೆ ಖಾಲಿ. ಜೊತೆಗೆ ಬಿಡಿಯಾಗಿ ಒಂದು ಮಡಚುವ ಚಾಕು. ಹಿಡಿಗಳೆಲ್ಲ ಕೆನೆ ಬಣ್ಣ, ಒಂದೆರಡು ಹಳದಿಗೆ ತಿರುಗಿವೆ. ‘ಇದು ಆನೆದಂತ ಕಣೋ’ ಅಂತ ಚಿಕ್ಕಪ್ಪ ಹೇಳುತ್ತಿದ್ದರು. ಹಳೇ ಚಾಕು ಕೂಡಿಸುವ ಹುಚ್ಚು ನನಗೂ ಇದೆ, ಆದರೆ ದಂತದ ತಂಟೆಗೆ ಇದುವರೆಗೆ ಹೋಗಿರಲಿಲ್ಲ.

ಕೇಳಬೇಕಾದ್ದು ಇಷ್ಟು. ಇದು ನಿಜವಾಗಿ ದಂತವೇ ಅಂತ ತಿಳಿಯುವುದು ಹೇಗೆ? ಮನೆಯಲ್ಲಿ ಇಟ್ಟುಕೊಂಡರೆ ತಪ್ಪಾಗುತ್ತದಾ? ಖಾಲಿ ಖಾನೆಗೆ ಹೊಂದುವ ಚಾಕು ಹೊರದೇಶದ ಒಂದು ಹರಾಜಿನಲ್ಲಿ ಕಾಣಿಸಿತು. ತರಿಸಬಹುದಾ?

ಸುಮ್ನೆಓದುಗ
ಮೂರನೇ ಪ್ರಶ್ನೆಗೆ ಉತ್ತರ: ಬೇಡ. ಉಳಿದಿದ್ದಕ್ಕೆ ದೊಡ್ಡವರು ಬರುತ್ತಾರೆ, ನಾನು ಸುಮ್ನೆ ಕೂತು ಓದುತ್ತೇನೆ.

ಹಳೇಉಕ್ಕು
ಮೊದಲು ಅದು ಏನು ಅಂತ ಗೊತ್ತಾಗಲಿ, ಕಾನೂನು ಆಮೇಲೆ. ‘ದಂತದ ಹಿಡಿ’ ಅಂತ ಮನೆಗಳಲ್ಲಿ ಹೇಳಿಕೊಂಡು ಬಂದದ್ದರಲ್ಲಿ ಎಷ್ಟೋ ಮೂಳೆ, ಎಷ್ಟೋ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್.

ಒಳ್ಳೆಯ ಭೂತಗನ್ನಡಿ ತಗೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಹಿಡಿಯ ಪಕ್ಕ ನೋಡಬೇಡಿ, ಬುಡ ನೋಡಿ. ಅಲಗಿಗೆ ಎದುರಿನ ತುದಿ. ಅಲ್ಲಿ ದಂತ ಅಡ್ಡಡ್ಡ ಕೊಯ್ದಂತಿರುತ್ತದೆ. ಆನೆದಂತವಾದರೆ ಒಂದರ ಮೇಲೊಂದು ಹಾದುಹೋಗುವ ಕಮಾನು ಗೆರೆಗಳು ಕಾಣುತ್ತವೆ, ಬಲೆ ಬಿಡಿಸಿಟ್ಟ ಹಾಗೆ. ಇವಕ್ಕೆ ಶ್ರೆಗರ್ ಗೆರೆ ಅಂತಾರೆ. ಆನೆ ಮತ್ತು ಮ್ಯಾಮತ್ (ಅಳಿದುಹೋದ, ಆನೆಯ ಜಾತಿಯ ಪ್ರಾಣಿ) ದಂತದಲ್ಲಿ ಮಾತ್ರ ಇವು ಈ ರೀತಿ ಬರುತ್ತವೆ, ಇದನ್ನು ಹೊಂದಿಸಿ ನಕಲು ಮಾಡಿದ್ದನ್ನು ನಾನಂತೂ ನೋಡಿಲ್ಲ.

ಮೂಳೆಯಾದರೆ ಸಣ್ಣ ಸಣ್ಣ ಕಪ್ಪು ಚುಕ್ಕೆ, ಪಕ್ಕದಿಂದ ನೋಡಿದರೆ ಗೀರು. ರಕ್ತ ಹರಿಯುತ್ತಿದ್ದ ನಾಳಗಳಲ್ಲಿ ಕೊಳೆ ಕೂತು ಹಾಗಾಗಿರುತ್ತದೆ. ದಂತದಲ್ಲಿ ಆ ರಂಧ್ರಗಳೇ ಇಲ್ಲ. ವಾಲ್ರಸ್ ಅನ್ನುವ ಕಡಲ ಪ್ರಾಣಿಯ ಕೋರೆಯ ಒಳಭಾಗ ಬೇಯಿಸಿದ ಸಬ್ಬಕ್ಕಿ ಒತ್ತಿಟ್ಟಂತೆ ಗಂಟುಗಂಟಾಗಿ ಕಾಣುತ್ತದೆ. ಮೊಘಲರ ಕಾಲದ ಕಠಾರಿಗಳಲ್ಲಿ, ಪರ್ಷಿಯಾದ ಬಾಕುಗಳಲ್ಲಿ ಅದನ್ನು ಬಹಳ ಬಳಸಿದ್ದಾರೆ. ಜನ ಅದನ್ನೂ ಆನೆದಂತ ಅಂತಲೇ ಕರೆದು ಬಿಡುತ್ತಾರೆ.

ಸೆಲ್ಯುಲಾಯ್ಡ್ ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. 1870ರ ಆಸುಪಾಸಿನಲ್ಲಿ ಅಮೆರಿಕದ ಹಯಾಟ್ ಅಣ್ಣತಮ್ಮಂದಿರು ಇದನ್ನು ಮಾರುಕಟ್ಟೆಗೆ ತಂದರು. ಬಿಲಿಯರ್ಡ್ಸ್ ಚೆಂಡಿಗೆ ದಂತ ತುಟ್ಟಿಯಾಯಿತು, ಬದಲಿ ಬೇಕಿತ್ತು. ದಂತದ ಹಾಗೆ ಕಾಣಲಿ ಅಂತ ಹಾಳೆ ಹಾಳೆ ಜೋಡಿಸಿ ಗೆರೆಯನ್ನೂ ಹುಟ್ಟಿಸಿದರು. ಆದರೆ ಆ ಗೆರೆಗಳು ಸ್ಕೇಲ್ ಇಟ್ಟು ಎಳೆದಷ್ಟು ನೇರ. ಬುಡದಲ್ಲಿ ಒಂದನ್ನೊಂದು ಹಾಯುವುದೇ ಇಲ್ಲ.

ಇಂಟರ್ನೆಟ್ಟಿನಲ್ಲಿ ‘ಕಾದ ಸೂಜಿ ಚುಚ್ಚಿ ನೋಡಿ’ ಅಂತ ಹೇಳುವವರ ಮಾತು ಕೇಳಬೇಡಿ. ದಂತವಾದರೆ ಹಿಡಿಗೆ ಕಲೆ. ಸೆಲ್ಯುಲಾಯ್ಡ್ ಆದರೆ ಬೆಂಕಿ. ಅದು ಧಗ್ಗಂತ ಹತ್ತಿಕೊಳ್ಳುವ ವಸ್ತು.

ಹೊಸಹಿಡಿ
ಆನೆ, ಮ್ಯಾಮತ್ ಎರಡರಲ್ಲೂ ಗೆರೆ ಹಾಯುತ್ತವೆ ಅಂದಿರಿ. ಹಾಗಾದರೆ ಅವೆರಡನ್ನು ಬೇರೆ ಮಾಡುವುದು ಹೇಗೆ?

ಹಳೇಉಕ್ಕು
ಕೋನದಿಂದ. ಹೊರ ಅಂಚಿನ ಹತ್ತಿರದ ಗೆರೆಗಳು ಸೇರುವ ಕೋನವನ್ನು ಹಲವು ಕಡೆ ಅಳೆದು ಸರಾಸರಿ ತೆಗೆಯಬೇಕು. 115 ಡಿಗ್ರಿಗಿಂತ ಜಾಸ್ತಿ ಬಂದರೆ ಈಗಿನ ಆನೆ. 90ಕ್ಕಿಂತ ಕಡಿಮೆ ಬಂದರೆ ಮ್ಯಾಮತ್. ನಡುವೆ ಬಂದರೆ ಕಣ್ಣಳತೆ ಸಾಲದು, ಪ್ರಯೋಗಾಲಯ ಬೇಕು. ಮಡಚುವ ಚಾಕಿನ ಹಿಡಿ ತೆಳ್ಳನೆಯ ಪಟ್ಟಿ, ಬುಡವೇ ಇರುವುದಿಲ್ಲ. ಹಾಗಾಗಿ ಅದರಲ್ಲಿ ಈ ಲೆಕ್ಕ ಕಷ್ಟ.

ಅಲಗಿನ ಮೇಲೆ ಏನಾದರೂ ಬರೆದಿದೆಯಾ? ಅದನ್ನೂ ಹೇಳಿ.

ಕಾನೂನುಕಣ್ಣು
ಎರಡನೇ ಪ್ರಶ್ನೆಗೆ ಬರ್ತೀನಿ. ನೀವು ಭಾರತದಲ್ಲಿದ್ದೀರಿ ಅಂತ ಅಂದುಕೊಂಡು ಬರೆಯುತ್ತಿದ್ದೇನೆ. ಇದು ಸಾಮಾನ್ಯ ಮಾಹಿತಿ ಅಷ್ಟೇ, ನಿಮ್ಮ ವಕೀಲರ ಸಲಹೆಗೆ ಬದಲಿ ಅಲ್ಲ.

ಆನೆ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಭಾರತದ ಆನೆಯ ದಂತದ ವ್ಯಾಪಾರಕ್ಕೆ 1986ರ ತಿದ್ದುಪಡಿ ಕೊಕ್ಕೆ ಹಾಕಿತು. ಆಫ್ರಿಕಾದಿಂದ ತಂದ ದಂತ ಅಂತ ಹೇಳಿ ಮಾರುತ್ತಿದ್ದರು, 1991ರಲ್ಲಿ ಅದೂ ನಿಂತಿತು. ಆಮೇಲೆ ‘ನಮ್ಮದು ಮ್ಯಾಮತ್, ಅದು ಆನೆಯೇ ಅಲ್ಲ’ ಅಂತ ವ್ಯಾಪಾರಿಗಳು ಕೋರ್ಟಿಗೆ ಹೋದರು. 2003ರಲ್ಲಿ ಸುಪ್ರೀಂ ಕೋರ್ಟ್ ಬಲರಾಮ್ ಕುಮಾವತ್ ಪ್ರಕರಣದಲ್ಲಿ ಅದನ್ನೂ ತಳ್ಳಿಹಾಕಿತು. ದಂತ ಅಂದರೆ ದಂತ, ಮ್ಯಾಮತ್ತಿನದಾದರೂ ವ್ಯಾಪಾರ ಇಲ್ಲ. ಅಂದರೆ ಇಲ್ಲಿ ಕೊಳ್ಳುವುದು, ಮಾರುವುದು ಎರಡೂ ಮುಗಿದ ಕಥೆ. ನೂರು ವರ್ಷ ಹಳೆಯದು ಅಂದರೂ ವಿನಾಯಿತಿ ಸಿಗುವುದಿಲ್ಲ.

ಇಟ್ಟುಕೊಳ್ಳುವ ವಿಷಯ ಬೇರೆ. 2003ರ ಏಪ್ರಿಲ್‌ನಲ್ಲಿ ಹೊಸ ನಿಯಮ ಬಂದಾಗ, ಪ್ರಾಣಿಜನ್ಯ ವಸ್ತುಗಳನ್ನು ಇಟ್ಟುಕೊಂಡವರು 180 ದಿನದೊಳಗೆ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿದ್ದರು. ಹಾಗೆ ಘೋಷಿಸಿದವರಿಗೆ ಮುಖ್ಯ ವನ್ಯಜೀವಿ ವಾರ್ಡನ್ ಮಾಲೀಕತ್ವದ ಪ್ರಮಾಣಪತ್ರ ಕೊಡಬಹುದಿತ್ತು. ಪ್ರಮಾಣಪತ್ರ ಇದ್ದವರೂ ಮಾರುವ ಹಾಗಿಲ್ಲ. ವಾರಸುದಾರಿಕೆಯಿಂದ ಮಾತ್ರ ಕೈ ಬದಲಾಗಬಹುದು. ಹಾಗೆ ಬಂದರೆ 90 ದಿನದೊಳಗೆ ವಾರ್ಡನ್ನರಿಗೆ ತಿಳಿಸಬೇಕು.

ನಿಮ್ಮ ಚಿಕ್ಕಪ್ಪ ಹೋದ ತಿಂಗಳು ತೀರಿಕೊಂಡರು ಅಂದಿರಿ. ದಿನ ಓಡುತ್ತಿದೆ. ಅವರ ಕಾಗದಪತ್ರ ಇಟ್ಟಿದ್ದ ಕಪಾಟು ಇವತ್ತೇ ತೆಗೆಯಿರಿ.

ಹೊಸಹಿಡಿ
ಪ್ರಮಾಣಪತ್ರ ಇಲ್ಲದೇ ಇದ್ದರೆ?

ಕಾನೂನುಕಣ್ಣು
ಆಗ ಗಂಭೀರ. ಮೊದಲ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಶಿಕ್ಷೆ ಕನಿಷ್ಠ ಮೂರು ವರ್ಷ, ಏಳರವರೆಗೂ ಹೋಗಬಹುದು. 2022ರ ತಿದ್ದುಪಡಿಯ ಮೇಲೆ ದಂಡ ಕನಿಷ್ಠ 25,000 ರೂಪಾಯಿ. ಹೆದರಿಸಲು ಹೇಳುತ್ತಿಲ್ಲ. ಆದರೆ ಎಲ್ಲೋ ಬಚ್ಚಿಡುವುದು, ಸ್ನೇಹಿತರಿಗೆ ದಾಟಿಸುವುದು, ಕೆರೆಗೆ ಎಸೆಯುವುದು ಯಾವುದೂ ಬೇಡ. ಒಬ್ಬ ವಕೀಲರನ್ನು ಕರೆದುಕೊಂಡು, ‘ವಾರಸಿನಿಂದ ಇಂಥದ್ದು ನನ್ನ ಕೈಗೆ ಬಂದಿದೆ’ ಅಂತ ನೀವಾಗಿಯೇ ವಾರ್ಡನ್ನರಿಗೆ ಬರೆದು ಕೊಡುವುದು ಒಳ್ಳೆಯದು. ಅದೇ 2022ರ ತಿದ್ದುಪಡಿ ಪ್ರಮಾಣಪತ್ರ ಇದ್ದವರಿಗೆ ಒಂದು ದಾರಿ ಮಾಡಿಕೊಟ್ಟಿದೆ. ಇಟ್ಟುಕೊಳ್ಳಲು ಇಷ್ಟ ಇಲ್ಲದಿದ್ದರೆ ಮುಂಚೆ ತಿಳಿಸಿ ಸರ್ಕಾರಕ್ಕೆ ಒಪ್ಪಿಸಬಹುದು. ಪರಿಹಾರ ಸಿಗುವುದಿಲ್ಲ.

ಮೊನಚು
ಇದನ್ನೆಲ್ಲ ಓದಿದರೆ ಮೈ ಉರಿಯುತ್ತದೆ. ಆ ಆನೆ ಸತ್ತು ನೂರು ವರ್ಷ ಆಗಿದೆ ಸ್ವಾಮಿ. ಈಗ ಆ ಚಾಕನ್ನು ಸರ್ಕಾರಕ್ಕೆ ಒಪ್ಪಿಸಿದರೆ ಆನೆ ಎದ್ದು ಬರುತ್ತದಾ? ಕುಶಲಿ ಒಬ್ಬ ಕೂತು ಕೊರೆದ ಹಿಡಿ, ಅದನ್ನು ಉಜ್ಜಿ ಒರೆಸಿ ಇಟ್ಟುಕೊಂಡವನು ಅಪರಾಧಿ. 2016ರಲ್ಲಿ ಕೀನ್ಯಾ 105 ಟನ್ ದಂತ ರಾಶಿ ಹಾಕಿ ಸುಟ್ಟಿತು. ಅದರಿಂದ ಬೇಟೆ ನಿಂತಿತಾ?

ಕಾಡುಹಾದಿ
ಮೊನಚು ಅವರೇ, ಸುಟ್ಟಿದ್ದು ಸರಿಯೋ ತಪ್ಪೋ ಅನ್ನುವುದರಲ್ಲಿ ನನಗೂ ಎರಡು ಮನಸ್ಸಿದೆ. ಆದರೆ ‘ಹಳೆಯದು’ ಅನ್ನುವ ಮಾತೇ ಇಲ್ಲಿ ದೊಡ್ಡ ತೂತು. ಹೊಸ ದಂತವನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಹಳದಿ ಮಾಡುತ್ತಾರೆ. ಹಳೇ ಅಲಗಿಗೆ ಹೊಸ ಹಿಡಿ ಕೂರಿಸುತ್ತಾರೆ. ಮೇಜಿನ ಆಚೆ ನಿಂತು ನೋಡುವ ಅಧಿಕಾರಿಗೆ ಅದು 1890ರದೋ ಹೋದ ವರ್ಷದ್ದೋ ಹೇಗೆ ಗೊತ್ತಾಗಬೇಕು?

ಅಂತಾರಾಷ್ಟ್ರೀಯ ವ್ಯಾಪಾರ ಬಂದ್ ಮಾಡೋಣ ಅಂತ ಸೈಟಿಸ್ (ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ದೇಶಗಳು ಆಫ್ರಿಕಾದ ಆನೆಗೆ ತೀರ್ಮಾನ ಮಾಡಿದ್ದು 1989ರಲ್ಲಿ. ಅದಕ್ಕೂ ಹಿಂದಿನ ಹತ್ತು ವರ್ಷದಲ್ಲಿ ಅಲ್ಲಿನ ಆನೆಗಳ ಅಂದಾಜು ಸಂಖ್ಯೆ ಸುಮಾರು 13 ಲಕ್ಷದಿಂದ ಆರು ಲಕ್ಷದ ಆಸುಪಾಸಿಗೆ ಇಳಿದಿತ್ತು. ಏಷ್ಯಾದ ಆನೆಗೆ ಆ ರಕ್ಷಣೆ 1975ರಲ್ಲೇ ಸಿಕ್ಕಿತ್ತು. ಆಮೇಲೆ ದಾಸ್ತಾನು ಕೊಳೆಯುತ್ತಿದೆ ಅಂತ ಎರಡು ಸಲ ಒಪ್ಪಿಗೆ ಕೊಟ್ಟು ಮಾರಿಸಿದರು. 1999ರಲ್ಲಿ ಜಪಾನಿಗೆ ಸುಮಾರು 50 ಟನ್, 2008ರಲ್ಲಿ ಚೀನಾ ಮತ್ತು ಜಪಾನಿಗೆ ನೂರು ಟನ್ನಿಗೂ ಮೇಲೆ. ಅದಾದ ಮೇಲಿನ ವರ್ಷಗಳಲ್ಲಿ ಬೇಟೆ ಏರಿತು. ಮಾರಿದ್ದೇ ಕಾರಣವಾ ಅಂತ ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ಆದರೆ 2016ರಲ್ಲಿ ಪ್ರಕಟವಾದ ದೊಡ್ಡ ವಿಮಾನ ಗಣತಿಯಲ್ಲಿ 18 ದೇಶಗಳಲ್ಲಿ ಸಿಕ್ಕಿದ್ದು ಸುಮಾರು ಮೂರೂವರೆ ಲಕ್ಷ ಹುಲ್ಲುಗಾವಲು ಆನೆ. ಏಳು ವರ್ಷದಲ್ಲಿ ಶೇಕಡಾ 30ರಷ್ಟು ಇಳಿದಿತ್ತು.

ಆ ಅಂಕಿ ನೋಡಿದವರಿಗೆ ನಿಮ್ಮ ಚಾಕಿನ ಮೇಲೆ ಕರುಣೆ ಬರುವುದು ಕಷ್ಟ.

ಮೊನಚು
ಅಂಕಿ ಸುಳ್ಳು ಅಂತ ನಾನು ಹೇಳಲಿಲ್ಲ. ವಯಸ್ಸು ಕಂಡುಹಿಡಿಯಲು ದಾರಿ ಇದೆ, ಬಳಸುವ ಮನಸ್ಸಿಲ್ಲ ಅಷ್ಟೇ. ಕಾರ್ಬನ್ ಪರೀಕ್ಷೆ ಯಾಕೆ ಮಾಡಬಾರದು?

ಕಾಡುಹಾದಿ
ಮಾಡಬಹುದು. 1950 ಮತ್ತು 60ರ ದಶಕದಲ್ಲಿ ಬಯಲಲ್ಲಿ ಅಣುಬಾಂಬ್ ಸಿಡಿಸಿದರಲ್ಲ, ಆಗ ಗಾಳಿಯಲ್ಲಿ ಕಾರ್ಬನ್-14 ಏಕಾಏಕಿ ಏರಿತು. ಆಮೇಲೆ ಬದುಕಿದ್ದ ಆನೆಯ ದಂತದಲ್ಲಿ ಅದರ ಗುರುತು ಇರುತ್ತದೆ, ಅದಕ್ಕೂ ಹಿಂದಿನದರಲ್ಲಿ ಇರುವುದಿಲ್ಲ. ಬಾಂಬಿಗೆ ಮುಂಚೆಯೋ ನಂತರವೋ ಅಂತ ಸಾಕಷ್ಟು ಗಟ್ಟಿಯಾಗಿ ಹೇಳಬಹುದು. ಆದರೆ ಹಿಡಿಯಿಂದ ಚೂರು ಕೆರೆಯಬೇಕು. ಪರೀಕ್ಷೆಯ ಖರ್ಚು ಚಾಕಿನ ಬೆಲೆಗಿಂತ ಜಾಸ್ತಿ ಆಗುವುದೂ ಉಂಟು. ಒಂದು ಮ್ಯೂಸಿಯಂ ಕಠಾರಿಗೆ ಸರಿ, ಸಾವಿರಾರು ಬೆಣ್ಣೆ ಚಾಕುಗಳಿಗೆ ಯಾರು ಮಾಡಿಸುತ್ತಾರೆ?

ದಂತಕಥೆ
ನಾನಿರುವುದು ಬ್ರಿಟನ್ನಿನಲ್ಲಿ, ಚಾಕು ತಯಾರಿಕೆಗೆ ಹೆಸರಾದ ಇಲ್ಲಿನ ಶೆಫೀಲ್ಡ್ ಊರಿನಲ್ಲಿ ಮಾಡಿದ ಹಳೇ ಚಾಕು ಕೂಡಿಸುತ್ತೇನೆ. ಜೋಸೆಫ್ ರಾಜರ್ಸ್ ಕಂಪನಿ ಹೆಸರು ಕೇಳಿರಬಹುದು. ಅಲಗಿನ ಮೇಲೆ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಮುದ್ರೆ ಇರುತ್ತದೆ. ಅವರ ಕಾರ್ಖಾನೆಯಲ್ಲಿ ದಂತ ಇಡುವುದಕ್ಕೇ ಬೇರೆ ಉಗ್ರಾಣ ಇತ್ತು. ಆ ಕಾಲದಲ್ಲಿ ದಂತ ಅವರಿಗೆ ಬರೀ ಕಚ್ಚಾ ಸಾಮಾನು.

ಇಲ್ಲಿನ 2018ರ ದಂತ ಕಾಯ್ದೆ ಜಾರಿಗೆ ಬಂದಿದ್ದು 2022ರ ಜೂನ್‌ನಲ್ಲಿ. ಇಟ್ಟುಕೊಳ್ಳಲು, ಉಡುಗೊರೆ ಕೊಡಲು, ಮಕ್ಕಳಿಗೆ ಬಿಡಲು ತೊಂದರೆ ಇಲ್ಲ. ಮಾರುವುದಕ್ಕೆ ಮಾತ್ರ ತಡೆ. ವಿನಾಯಿತಿಗಳಿವೆ, ಆದರೆ ಚಾಕಿನವರಿಗೆ ಅವು ಬಾಗಿಲು ತೆಗೆದಂತೆ ಮಾಡಿ ಮುಚ್ಚುತ್ತವೆ. 1947ಕ್ಕಿಂತ ಮುಂಚಿನ ವಸ್ತುವಿನಲ್ಲಿ ದಂತ ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ನೋಂದಾಯಿಸಿ ಮಾರಬಹುದು. ಟೀಪಾಟಿನ ಹಿಡಿಕೆಗೆ ಹಾಕಿದ ಸಣ್ಣ ಬಿಲ್ಲೆ ಇದರಲ್ಲಿ ಪಾಸಾಗುತ್ತದೆ. ಚಾಕಿನಲ್ಲಿ ಹಿಡಿಯೇ ಅರ್ಧ ಅಲ್ವಾ? ಫೇಲ್. 1918ಕ್ಕಿಂತ ಮುಂಚಿನ, ಅಸಾಧಾರಣ ಕಲೆ ಅಥವಾ ಚರಿತ್ರೆಯ ಮಹತ್ವದ ವಸ್ತು ಅಂತ ತಜ್ಞರು ಒಪ್ಪಿದರೆ ಪ್ರಮಾಣಪತ್ರ ಸಿಗುತ್ತದೆ. ರಾಜನ ಬಾಕುವಿಗೆ ಸಿಕ್ಕೀತು, ಊಟದ ಚಾಕಿಗೆ ಸಿಗುವುದಿಲ್ಲ. ತಪ್ಪಿದರೆ ಐದು ವರ್ಷದವರೆಗೆ ಜೈಲು, ಅಥವಾ ಎರಡೂವರೆ ಲಕ್ಷ ಪೌಂಡ್‌ವರೆಗೆ ದಂಡ. ಈಗ ಹಿಪ್ಪೊ, ನಾರ್ವಾಲ್ (ಉದ್ದ ಕೋರೆಯ ತಿಮಿಂಗಿಲ), ಸ್ಪರ್ಮ್ ತಿಮಿಂಗಿಲದ ಹಲ್ಲುಗಳನ್ನೂ ಇದೇ ಕಾಯ್ದೆಯೊಳಗೆ ತಂದಿದ್ದಾರೆ.

ಪರಿಣಾಮ ಏನಪ್ಪಾ ಅಂದರೆ ಹರಾಜಿನವರು ದಂತದ ಹಿಡಿ ಕಂಡರೆ ಮುಟ್ಟುವುದಿಲ್ಲ. ಹಿಡಿಯಲ್ಲಿದ್ದ ಬೆಳ್ಳಿ ಕಿತ್ತುಕೊಂಡು ದಂತ ಬಿಸಾಡಿದ್ದನ್ನೂ ನೋಡಿದ್ದೇನೆ. ಅದು ನೋಡಿದಾಗ ಮೊನಚು ಅವರ ಹೊಟ್ಟೆಯುರಿ ಅರ್ಥವಾಗುತ್ತದೆ.

ಪಡುವಣ
ಅಮೆರಿಕದಿಂದ. ಇಲ್ಲಿ ಒಂದು ಕಾನೂನಲ್ಲ, ಪದರ ಪದರ. 2016ರ ಜುಲೈನಲ್ಲಿ ಬಂದ ಕೇಂದ್ರದ ನಿಯಮ ಆಫ್ರಿಕಾದ ಆನೆದಂತದ ವ್ಯಾಪಾರವನ್ನು ಹೆಚ್ಚು ಕಡಿಮೆ ಮುಚ್ಚಿತು. ಒಂದು ಸಣ್ಣ ಕಿಂಡಿ ಬಿಟ್ಟರು: ದಂತ 200 ಗ್ರಾಂಗಿಂತ ಕಡಿಮೆ, ಗಾತ್ರದಲ್ಲೂ ಬೆಲೆಯಲ್ಲೂ ಅರ್ಧ ಮೀರಬಾರದು, ವಸ್ತುವಿಗೆ ಅಂಟಿಕೊಂಡ ಭಾಗವಾಗಿರಬೇಕು, ದಂತ ದೇಶಕ್ಕೆ ಬಂದದ್ದು 1990ರ ಜನವರಿಗೂ ಮುಂಚೆ ಅಂತ ತೋರಿಸಬೇಕು, ಹೀಗೆ ಪಟ್ಟಿ ಇದೆ. ಮಡಚುವ ಚಾಕು ಕೆಲವೊಮ್ಮೆ ಇದರಲ್ಲಿ ನುಸುಳುತ್ತದೆ. ಆದರೆ ಈ ಕಿಂಡಿ ಏಷ್ಯಾದ ಆನೆಗೆ ಇಲ್ಲ, ಹೊರಗಿನಿಂದ ತರಿಸಿ ಮಾರುವುದಕ್ಕೂ ಇಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುವಿಗೆ ಬೇರೆ ವಿನಾಯಿತಿ ಇದೆ. ರುಜುವಾತು ಮಾಡುವ ಭಾರ ಮಾರುವವನ ತಲೆ ಮೇಲೆ.

ಅದರ ಮೇಲೆ ರಾಜ್ಯಗಳ ಕಾನೂನು. ನ್ಯೂಜೆರ್ಸಿ, ನ್ಯೂಯಾರ್ಕ್ 2014ರಲ್ಲಿ ಶುರು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಮ್ಯಾಮತ್ತೂ ನಿಷೇಧ, ಪುರಾತನ ವಸ್ತುವಿನಲ್ಲಿ ದಂತ ಶೇಕಡಾ 5ಕ್ಕಿಂತ ಕಡಿಮೆ ಇರಬೇಕು. ಚಾಕಿನ ಮೇಳಕ್ಕೆ ಕಾರಿನಲ್ಲಿ ಹೋಗುವಾಗ ರಾಜ್ಯದ ಗಡಿ ದಾಟಿದರೆ ಪೆಟ್ಟಿಗೆಯಲ್ಲಿರುವ ಸರಕಿನ ಹಣೆಬರಹವೇ ಬದಲಾಗುತ್ತದೆ.

ಹೊಸಹಿಡಿ ಅವರೇ, ‘ಮಾರುವವನ ದೇಶದಲ್ಲಿ ಕಾನೂನುಬದ್ಧ’ ಅನ್ನುವ ಹರಾಜಿನ ಮಾತು ನಂಬಬೇಡಿ. ವಸ್ತು ಗಡಿ ದಾಟಿದರೆ ಹೊರಡುವ ದೇಶ, ತಲುಪುವ ದೇಶ ಎರಡರ ಕಾಗದವೂ ಬೇಕು. ಸೈಟಿಸ್ ಪ್ರಮಾಣಪತ್ರ ಇಲ್ಲದ ದಂತದ ಚಾಕು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಚಾಕೂ ಹೋಯಿತು, ದುಡ್ಡೂ ಹೋಯಿತು, ಮೇಲೆ ಕೇಸು.

ಸುಮ್ನೆಓದುಗ
ನಾನು ಮೊದಲೇ ‘ಬೇಡ’ ಅಂದಿದ್ದೆ. ಯಾರೂ ಲೈಕ್ ಒತ್ತಲಿಲ್ಲ.

ಹೊಸಹಿಡಿ
ಲೈಕ್ ಒತ್ತಿದೆ. ಹರಾಜಿನ ಪುಟ ಮುಚ್ಚಿದೆ.

ಭೂತಗನ್ನಡಿ ತಂದು ನೋಡಿದೆ. ಸೆಟ್ಟಿನ ಚಾಕುಗಳ ಬುಡದಲ್ಲಿ ಹಳೇಉಕ್ಕು ಹೇಳಿದಂತೆ ಗೆರೆ ಹಾಯ್ದಿವೆ, ಕೋನ ಅಗಲವಾಗಿದೆ. ಒಂದು ಮಾತ್ರ ಬೇರೆ. ಅದರಲ್ಲಿ ನೇರ ಪಟ್ಟೆ, ಹಾಯುವುದಿಲ್ಲ, ಬೆರಳಲ್ಲಿ ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ. ಮಡಚುವ ಚಾಕಿನ ಹಿಡಿಯಲ್ಲಿ ಕಪ್ಪು ಗೀರು ತುಂಬಾ ಇದೆ. ಇನ್ನೊಂದು ವಿಚಿತ್ರ. ಎಲ್ಲ ಅಲಗಿನ ಮೇಲೂ ‘ಸ್ಟೇನ್‌ಲೆಸ್’ ಅಂತ ಮುದ್ರೆ ಇದೆ. ಚಿಕ್ಕಪ್ಪ 1880ರ ಸೆಟ್ ಅನ್ನುತ್ತಿದ್ದರು.

ಹಳೇಉಕ್ಕು
ಚೆನ್ನಾಗಿ ನೋಡಿದ್ದೀರಿ. ಸೆಟ್ ದಂತ, ಒಂದು ಸೆಲ್ಯುಲಾಯ್ಡ್, ಮಡಚುವುದು ಮೂಳೆ. ಯಾರೋ ಕಳೆದುಹೋದ ಚಾಕಿಗೆ ಬದಲಿ ತಂದು ಹಾಕಿದ್ದಾರೆ.

ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಕರಗಿಸಿದ್ದು 1913ರಲ್ಲಿ. ಹಾಗಾಗಿ ಈ ಅಲಗುಗಳು 1880ರದು ಆಗಲು ಸಾಧ್ಯವೇ ಇಲ್ಲ. ಹಿಡಿಗಳು ಆಗಿರಬಹುದು. ಹಳೇ ಕಾರ್ಬನ್ ಉಕ್ಕಿನ ಅಲಗು ಸವೆದು, ಕಪ್ಪಾಗಿ ಹೋದರೆ ಹಿಡಿ ಉಳಿಸಿಕೊಂಡು ಹೊಸ ಸ್ಟೇನ್‌ಲೆಸ್ ಅಲಗು ಕೂರಿಸುವುದು ಆಗ ಸಾಮಾನ್ಯ. ಹಿಡಿಗೂ ಅಲಗಿಗೂ ನಡುವಿನ ಕೊರಳು ಸರಿಯಾಗಿ ಕೂತಿದೆಯಾ, ಸುತ್ತ ರಾಳ (ಅಲಗು ಕೂರಿಸುವ ಅಂಟು) ಇಣುಕುತ್ತಿದೆಯಾ ನೋಡಿ. ಇಣುಕುತ್ತಿದ್ದರೆ ಬದಲಾಯಿಸಿದ್ದು.

ದಂತಕಥೆ, ಪಡುವಣ ಅವರ ದೇಶಗಳಲ್ಲಿ ವಯಸ್ಸಿನ ಮೇಲೆ ವಿನಾಯಿತಿ ಕೇಳುವವರಿಗೆ ಇದೇ ತಲೆನೋವು. ಒಂದೇ ಚಾಕಿನ ಹಿಡಿಗೆ ಒಂದು ವಯಸ್ಸು, ಅಲಗಿಗೆ ಇನ್ನೊಂದು.

ಹೊಸಹಿಡಿ
ಕೊರಳಿನ ಸುತ್ತ ಕಂದು ರಾಳ ಕಾಣುತ್ತದೆ. ಕಪಾಟೆಲ್ಲ ಹುಡುಕಿದೆ, ಪ್ರಮಾಣಪತ್ರ ಸಿಗಲಿಲ್ಲ. ನಾಳೆ ವಕೀಲರನ್ನು ನೋಡುತ್ತೇನೆ, ಸೆಟ್ಟಿನ ವಿಷಯ ಬರೆದು ಕೊಡುವುದು ಅಂತ ಮನೆಯಲ್ಲಿ ಮಾತಾಗಿದೆ. ಹೋಗುವುದಾದರೆ ಹೋಗಲಿ. ಅಲ್ಲಿಯವರೆಗೆ ಹಾಳಾಗದಂತೆ ಇಡಬೇಕಲ್ಲ, ಹೇಗೆ?

ಕಾನೂನುಕಣ್ಣು
ಒಳ್ಳೆಯ ತೀರ್ಮಾನ. ಮೂಳೆ ಮತ್ತು ಸೆಲ್ಯುಲಾಯ್ಡ್ ಚಾಕುಗಳನ್ನು ಬೇರೆ ಇಡಿ. ಬರೆದು ಕೊಡುವಾಗ ‘ದಂತದಂತೆ ಕಾಣುವ ಹಿಡಿ’ ಅಂತ ಬರೆಯಿರಿ, ಯಾವುದು ಏನು ಅಂತ ಹೇಳುವುದು ಅವರ ತಜ್ಞರ ಕೆಲಸ. ಮತ್ತೆ ಇಲ್ಲಿ ಫೋಟೋ ಹಾಕಬೇಡಿ. ನಾಳೆ ಯಾರೋ ಅದನ್ನು ಎತ್ತಿಕೊಂಡು ಮಾರಾಟದ ಜಾಹೀರಾತು ಮಾಡಿಬಿಡುತ್ತಾರೆ.

ದಂತಕಥೆ
ನೀರಲ್ಲಿ ನೆನೆಸಬೇಡಿ. ಬಿಸಿನೀರಿಗೆ ರಾಳ ಮೆತ್ತಗಾಗಿ ಅಲಗು ಕಳಚಿ ಬರುತ್ತದೆ, ದಂತವೂ ಸೀಳು ಬಿಡುತ್ತದೆ. ಬಿಸಿಲು, ಹೀಟರ್ ಹತ್ತಿರ ಬೇಡ. ಹಳದಿ ತೆಗೆಯಲು ಬ್ಲೀಚ್ ಹಾಕುವವರಿದ್ದಾರೆ, ಬೇಡವೇ ಬೇಡ. ಒಣ ಮೆತ್ತನೆ ಬಟ್ಟೆ ಸಾಕು.

ಮೊನಚು
ಹೊಸಹಿಡಿ ಅವರೇ, ನಿಮ್ಮ ಜಾಗದಲ್ಲಿ ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ, ಆದರೆ ನೀವು ಮಾಡುತ್ತಿರುವುದಕ್ಕೆ ಧೈರ್ಯ ಬೇಕು. ಕಾನೂನಿನ ಮೇಲಿನ ನನ್ನ ಸಿಟ್ಟು ಹಾಗೇ ಇದೆ. ಹಿಡಿ ನೋಡಿ ಕೂಡಿಸುವ ಆಸೆ ಇದ್ದರೆ ಮೂಳೆ, ಕೊಂಬು, ಎಬೊನಿ (ಕರಿಮರ), ಮಿಕಾರ್ಟಾದಲ್ಲಿ (ಬಟ್ಟೆ, ರಾಳ ಒತ್ತಿ ಮಾಡಿದ ಗಟ್ಟಿ ಹಲಗೆ) ಬೇಕಾದಷ್ಟು ಒಳ್ಳೆಯ ಕೆಲಸ ಇದೆ. ಕೊಂಬು ಯಾವ ಪ್ರಾಣಿಯದು ಅಂತ ಮಾತ್ರ ಕೇಳಿ ತಗೊಳ್ಳಿ, ಜಿಂಕೆಯ ಕೊಂಬಿಗೂ ನಮ್ಮಲ್ಲಿ ಇದೇ ಕಾಯ್ದೆ ಇದೆ.

ಹಳೇಉಕ್ಕು
ಆ ಸೆಲ್ಯುಲಾಯ್ಡ್ ಚಾಕು ಈಗಲೇ ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ, ನಾಳೆಗೆ ಬಿಡಬೇಡಿ. ಹಳೇ ಸೆಲ್ಯುಲಾಯ್ಡ್ ಒಳಗಿಂದಲೇ ಕೊಳೆಯುತ್ತಾ ಆಮ್ಲದ ಹೊಗೆ ಬಿಡುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಪಕ್ಕದ ಚಾಕುಗಳನ್ನೂ ತಿನ್ನುತ್ತದೆ, ಸ್ಟೇನ್‌ಲೆಸ್ ಅಂತ ಬಿಡುವುದಿಲ್ಲ. ಅದರ ಅಕ್ಕಪಕ್ಕದ ಅಲಗಿನಲ್ಲಿ ಚುಕ್ಕೆ ಇದೆಯಾ?

ಹೊಸಹಿಡಿ
ಇದೆ. ಪಕ್ಕದ ಎರಡು ಅಲಗಿನಲ್ಲಿ ಕಂದು ಚುಕ್ಕೆ. ನಾನು ಇದನ್ನು ತೇವದಿಂದ ಅಂದುಕೊಂಡಿದ್ದೆ. ಉಜ್ಜಿ ತೆಗೆಯಲಾ?

ಹಳೇಉಕ್ಕು
ಬೇಡ, ಒಪ್ಪಿಸುವ ವಸ್ತು ಅದು, ಇದ್ದ ಹಾಗೇ ಇರಲಿ. ಅಲಗಿಗೆ ಮಾತ್ರ ಒಂದು ಹನಿ ಎಣ್ಣೆ ತೆಳ್ಳಗೆ ಸವರಿ, ಹಿಡಿಗೆ ತಾಗಬಾರದು. ಸೆಲ್ಯುಲಾಯ್ಡ್ ಚಾಕನ್ನು ಗಾಳಿಯಾಡುವ ಕಡೆ, ಒಲೆಯಿಂದ ದೂರ ಇಡಿ. ಮೂಳೆಯ ಚಾಕಿನ ಮುದ್ರೆ ಓದಲು ಆದರೆ ಬೇರೆ ಎಳೆ ಶುರು ಮಾಡಿ, ಅದರ ಬಗ್ಗೆ ಮಾತಾಡೋಣ.